ಮರಳು ಹೊಡೆಯುವ ಶೆಡ್ಡು

"ಕೆಮ್ಮೋದಾದ್ರೆ ಆಚೆ ಹೋಗಿ ಸಾಯೋ, ಬೋಳಿಮಗನೆ! ಗಿರಾಕಿ ಬಂದು ಕೂತಿರೋದು ಕಾಣ್ಸಲ್ವಾ?"

ಸಾಹುಕಾರ ವರದರಾಜ ಬೈಯುವಷ್ಟರಲ್ಲಿ ರುದ್ರಯ್ಯ ಎದೆ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲೇ ಕುಸಿದ. ಹೊಳೆನರಸೀಪುರದಾಚೆ ಹೊಳೆದಂಡೆಯ ಈ ಶೆಡ್ಡಿನಲ್ಲಿ ನಮ್ಮದು ಹೊಸದನ್ನು ಹಳೆಯದು ಮಾಡುವ ಕಸುಬು. ಕಡೆದು ತಂದ ಸಿಲ್ವರ್ ಓಕ್ ಕಂಬಕ್ಕೆ ಪೈಪಿನಿಂದ ಗಾಳಿಯ ಜೊತೆ ಮರಳು ಹೊಡೆದರೆ, ಮರದ ಮೆತ್ತನೆ ಭಾಗವೆಲ್ಲ ಸವೆದು ಗಟ್ಟಿ ಎಳೆ ಮಾತ್ರ ಎದ್ದು ನಿಲ್ಲುತ್ತದೆ. ನಿನ್ನೆಯ ಕಂಬ ಮುತ್ತಜ್ಜನ ಕಾಲದ್ದಾಗುತ್ತದೆ. ಹೊಡೆಯುವವನ ಗತಿಯೂ ಅದೇ. ಮೂವತ್ತೈದಕ್ಕೇ ರುದ್ರಯ್ಯ ಮುದುಕನಾಗಿದ್ದ.

ಹೊಡೆಯುವಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಕು. ಧೂಳು ಪಕ್ಕದ ಮನೆಯವರ ಒಣಹಾಕಿದ ಬಟ್ಟೆ ಮೇಲೆ ಕೂತರೆ ಜಗಳಕ್ಕೆ ಬರುತ್ತಾರಲ್ಲ. ನಮ್ಮೆದೆಯೊಳಗೆ ಕೂತರೆ ಕೇಳುವವರಿಲ್ಲ. ಹೊರಗೆ ಪೈಪಿಗೆ ಗಾಳಿ ತಳ್ಳುವ ಕಂಪ್ರೆಸರ್ ನೋಡಿಕೊಳ್ಳುವವನು ನಾನು, ಶಿವಯ್ಯ. ಹೋದ ತಿಂಗಳು ಆ ಧೂಳಿನಲ್ಲಿ ಚಿಲಕ ಕಾಣದೆ ರುದ್ರಯ್ಯ ಬಾಗಿಲು ಬಡಿದಾಗ ಮೆಷಿನ್ ನಿಲ್ಲಿಸಿದ್ದೆ. ಸಾಹುಕಾರ ನನ್ನ ಕೆನ್ನೆಗೆ ಬಾರಿಸಿದ್ದ. "ಚಿಲಕ ತೆಗೆಯೋ ತನಕ ಯಾರೇ ಬಡ್ಕೊಂಡ್ರೂ ನಿಲ್ಲಿಸ್ಕೂಡ್ದು, ತಿಳೀತಾ?"

ಈಗ ಅವನು ರುದ್ರಯ್ಯನ ಹೆಂಡತಿಯ ಕಡೆ ತಿರುಗಿದ. "ಇವತ್ತು ಕಂಬ ಹೋಗ್ಲೇಬೇಕು. ಇವನ ಕೈಲಾಗ್ದಿದ್ರೆ ನೀನು ಹಿಡಿಯೇ ಪೈಪು."

ಮರಳು ಜರಡಿಯಾಡುತ್ತಿದ್ದ ಚಿಕ್ಕಲಕ್ಷ್ಮಮ್ಮ ಎದ್ದು ಬಂದಳು. "ಆಪೀಸ್ನಾಗೆ ನೇತಾಕಿರ ಮಾಸ್ಕ್ ಕೊಡಿ ಸಾ. ನಮ್ಮನೆಯೋರ ಎದೆ ತುಂಬ ಮರಳೇ ಅದೆ ಅಂದವ್ರೆ ಡಾಕ್ಟ್ರು."

"ಅದು ಇನ್‌ಸ್ಪೆಕ್ಟರ್ ಬಂದಾಗ ತೋರ್ಸೋಕೆ. ಹೊಳೆ ಮರಳೇನು ವಿಷಾನಾ? ಸೆರಗು ಕಟ್ಕೋ, ಮುಂಡೆ."

ಅವಳು ಸೆರಗು ಕಟ್ಟಿಕೊಳ್ಳಲಿಲ್ಲ. "ಆಯ್ತು ಸಾ. ಎಷ್ಟ್ ಒಡೀಬೇಕು ಅಂತ ಒಳೀಕ್ ಬಂದು ಒಸಿ ತೋರ್ಸಿ."

ಸಾಹುಕಾರ ಗೊಣಗುತ್ತಾ ಒಳಗೆ ಹೋದ. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. "ಶಿವಣ್ಣ, ನಾನ್ ಚಿಲ್ಕ ತೆಗ್ಯೋಗಂಟ ನಿಲ್ಲಿಸ್ಬ್ಯಾಡ."

ಒಳಗಿನಿಂದ ಚಿಲಕ ಬಿತ್ತು. ನಾನು ಸ್ವಿಚ್ ಹಾಕಿದೆ, ಮರಳು ಭೋರೆಂದಿತು.

ಮೊದಲು ಬೈಗುಳ ಕೇಳಿಸಿತು. ಆಮೇಲೆ ಬಾಗಿಲು ಬಡಿತ. "ಲೇ ಶಿವಯ್ಯ, ಆಫ್ ಮಾಡೋ! ಶಿವಯ್ಯಾ... ಅಪ್ಪಾ..." ಸುಳ್ಳೇಕೆ ಹೇಳಲಿ, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಿರಾಕಿ ಕುರ್ಚಿ ಬಿಟ್ಟೆದ್ದು ಕಾರಿನ ಕಡೆ ಓಡಿದ.

ರುದ್ರಯ್ಯ ತೆವಳಿಕೊಂಡು ಬಂದು ನನ್ನ ಕಾಲು ಹಿಡಿದ. "ನನ್ನೆಂಡ್ರೂ ಒಳಗವ್ಳೆ ಕಣ್ಲಾ... ನಿಲ್ಸ್ಲಾ..."

ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಬಾಗಿಲು ಬಡಿತ ನಿಂತಿತ್ತು. ಮೆಷಿನ್ನಿನ ಸದ್ದಿನ ನಡುವೆ ಎರಡು ಕೆಮ್ಮು ಮಾತ್ರ ಕೇಳುತ್ತಿದ್ದವು. ಯಾವುದು ಸಾಹುಕಾರನದು, ಯಾವುದು ಅವಳದು ಎಂದು ಗೊತ್ತಾಗುತ್ತಿರಲಿಲ್ಲ.

ಅವಳು ಚಿಲಕ ತೆಗೆಯಲಿಲ್ಲ.