ಇಂಗಲ್‌ಸೈಡ್ ತಂಡದ ಏಳು ಸೀಸನ್‌ಗಳು

ಸಿಯಾಟಲ್ ಪಕ್ಕದ ಕೆನ್ಮೋರಿನ ಇಂಗಲ್‌ಸೈಡ್ ಯೂನಿವರ್ಸಿಟಿಯ ಬೇಸ್‌ಬಾಲ್ ತಂಡದ ಚರಿತ್ರೆಯನ್ನು ಒಂದೊಂದು ಸೀಸನ್ ಆಗಿ ಬರೆದುಕೊಡಿ ಎಂದು ನನ್ನನ್ನು ಕೇಳಿದವರು ಕೋಚ್ ಹಾಲ್ವರ್ಸನ್ ಅವರ ಹೆಂಡತಿ. 2018ರ ಬೇಸಿಗೆಯಲ್ಲಿ ಯೂನಿವರ್ಸಿಟಿಯವರು ತಂಡವನ್ನೇ ಮುಚ್ಚಿದ್ದರು. ಅದೇ ಡಿಸೆಂಬರಿನಲ್ಲಿ ಕೋಚ್ ಹೃದಯಾಘಾತದಿಂದ ತೀರಿಕೊಂಡರು. ಹಳೆಯ ಆಟಗಾರರೆಲ್ಲ ಮಾರ್ಚಿಯಲ್ಲಿ ಒಂದು ಕಡೆ ಸೇರುತ್ತಾರೆ, ಅವರ ಕೈಗೊಂದು ಪುಸ್ತಿಕೆ ಕೊಡಬೇಕು, ಏಳು ವರ್ಷ ಸ್ಕೋರು ಬರೆದವರು ನೀವೇ ಅಲ್ಲವೇ ಎಂದರು. ಹೌದು, ನಾನೇ. ಗ್ಯಾರೇಜಿನಲ್ಲಿದ್ದ ಮೂರು ರಟ್ಟಿನ ಪೆಟ್ಟಿಗೆಗಳನ್ನು ನನ್ನ ಕಾರಿಗೆ ತುಂಬಿಸಿ ಕಳಿಸಿದರು.

ಸ್ಕೋರು ಬರೆಯುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ವೀಸಾ ಕಾರಣಕ್ಕೆ ಕೆಲಸವಿಲ್ಲದೆ ಮನೆಯಲ್ಲಿ ಕೂತವಳು. ಮಗ ಸುಪ್ರೀತ್ ಏಳನೇ ವಯಸ್ಸಿಗೆ ಬೇಸ್‌ಬಾಲ್ ಹಿಡಿದಾಗ ಸುಮ್ಮನೆ ಕೂರಲಾರದೆ ಪೆನ್ಸಿಲ್ ಹಿಡಿದೆ. ನನ್ನ ಗಂಡ ದ್ವಾರಕಾನಾಥ ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ಎಂಜಿನಿಯರ್. ಅವರ ಪಾಲಿಗೆ ಭೂಮಿಯ ಮೇಲೆ ಇರುವುದು ಕ್ರಿಕೆಟ್ ಒಂದೇ. "ಹೊರಟ್ರಾ ತಾಯಿ ಮಗ, ಚಿನ್ನಿದಾಂಡು ಆಡೋಕೆ?" ಎಂದು ಪೇಪರಿನ ಹಿಂದಿನಿಂದಲೇ ಕೇಳುತ್ತಿದ್ದರು.

2012. ಸುಪ್ರೀತ್ ಇಂಗಲ್‌ಸೈಡ್ ಸೇರಿದ ವರ್ಷ. ಗೆಲುವು ಎಂಟು, ಸೋಲು ಮೂವತ್ತೆರಡು. ಸ್ಕೋರು ಬರೆಯುತ್ತಿದ್ದವರು ಊರು ಬಿಟ್ಟು ಹೋದರೆಂದು ಕೋಚ್ ನನ್ನನ್ನು ಕರೆದು ಡಗ್‌ಔಟಿನಲ್ಲಿ, ಅಂದರೆ ಆಟಗಾರರು ಕೂರುವ ಆ ತಗ್ಗಿನ ಜಗುಲಿಯಲ್ಲಿ, ಪಕ್ಕಕ್ಕೇ ಕೂರಿಸಿಕೊಂಡರು. ಸಿಯಾಟಲ್ ಸೀಮೆಯ ಮಾರ್ಚಿಯ ಚಳಿಗೆ ಬೆರಳು ಮರಗಟ್ಟುತ್ತಿತ್ತು. ನನ್ನ ಫ್ಲಾಸ್ಕಿನ ಕಾಫಿಯಲ್ಲಿ ಅವರಿಗೆ ಅರ್ಧ ಪಾಲು. ಬಹಳ ಮಾತಿನ ಮನುಷ್ಯರಲ್ಲ. ಸೋತ ದಿನ ಟೊಪ್ಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು, ಗೆದ್ದ ದಿನವೂ ಅಷ್ಟೇ.

2013. ಗೆಲುವು ಹನ್ನೊಂದು. ಸುಪ್ರೀತ್ ತಂಡದ ಮುಖ್ಯ ಪಿಚರ್ ಆದ. ಪಿಚರ್ ಎಂದರೆ ಚೆಂಡೆಸೆಯುವವನು. ಕ್ರಿಕೆಟ್ಟಿನಲ್ಲಿ ಓವರು ಮುಗಿದರೆ ಚೆಂಡು ಇನ್ನೊಬ್ಬನ ಕೈಗೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಕೋಚ್ ದಿಬ್ಬದಿಂದ ಇಳಿಸಿ ಕೂರಿಸುವ ತನಕ ಒಬ್ಬನೇ ಎಸೆಯುತ್ತಿರಬೇಕು. ಮಿತಿ ಮೀರಿದರೆ ಮೊಣಕೈಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿಯುತ್ತದೆ. ಆದ್ದರಿಂದ ಪ್ರತಿ ಎಸೆತವನ್ನೂ ಎಣಿಸುತ್ತಾರೆ. ಕೋಚ್ ಅವರ ಗೆರೆ ನೂರಹತ್ತು. "ದೇವರೇ ಬಂದು ಎಸೆಯುತ್ತಿದ್ದರೂ ಅಷ್ಟಕ್ಕೆ ಇಳಿಸುತ್ತೇನೆ" ಎನ್ನುತ್ತಿದ್ದರು. ಎಣಿಸುವ ಕೆಲಸ ನನ್ನದು. ಅಂಗೈಯಲ್ಲಿ ಒತ್ತುವ ಪುಟ್ಟ ಯಂತ್ರ, ಎದುರಿಗೆ ಹಾಳೆ, ಒಂದು ಎಸೆತಕ್ಕೆ ಒಂದು ಗೀಟು. ಕೋಚ್ ಎಷ್ಟೆಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಮರುಪ್ರಶ್ನೆ ಇರಲಿಲ್ಲ.

2014. ಗೆಲುವು ಹತ್ತೊಂಬತ್ತು. ಆ ತಂಡದ ಬದುಕಿನಲ್ಲೇ ಅತಿ ಹೆಚ್ಚು. ಈ ಒಂದು ಸೀಸನ್ನಿನ ಬಗ್ಗೆ ಬರೆಯಲು ನಾನು ಹದಿನೈದು ದಿನ ಒದ್ದಾಡಿದೆ.

ಏಪ್ರಿಲ್ಲಿನ ಒಂದು ಶನಿವಾರ. ಹಿಂದಿನ ವಾರ ಬಾಥೆಲ್ ದೇವಸ್ಥಾನದ ಊಟದ ಸಾಲಿನಲ್ಲಿ ನಮ್ಮ ಪರಿಚಯದ ಸುಮಿತ್ರಮ್ಮ, "ನಮ್ಮ ಅಮಿತ್‌ಗೆ ಇಂಟರ್ನ್‌ಶಿಪ್ ಆಯ್ತು ಸುಲೋಚನಾ. ನಿಮ್ಮವನು ಇನ್ನೂ ಬಾಲ್ ಹಾಕ್ತಾನೇ ಇದಾನಾ?" ಎಂದಿದ್ದರು. ನನಗೆ ಉರಿದುಹೋಯಿತು. "ಬನ್ನಿ, ಒಂದ್ ಸಲ ಬಂದು ನೋಡಿ" ಎಂದೆ. ಆಕೆ ಬಂದೇಬಿಟ್ಟರು. ಪ್ರೇಕ್ಷಕರ ಮರದ ಮೆಟ್ಟಿಲ ಮೇಲೆ ಶಾಲು ಹೊದ್ದು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತಿದ್ದರು.

ಅಂದು ಸುಪ್ರೀತ್ ಎಸೆದದ್ದನ್ನು ಎದುರಾಳಿಗಳಿಗೆ ಹೊಡೆಯಲು ಆಗುತ್ತಲೇ ಇರಲಿಲ್ಲ. ಇಡೀ ಆಟದ ಒಂಬತ್ತು ಇನಿಂಗ್ಸಿನಲ್ಲಿ ಒಂದೇ ಒಂದು ಹೊಡೆತಕ್ಕೂ ಅವಕಾಶ ಕೊಡದಿದ್ದರೆ ಅದು ಪಿಚರ್ ಒಬ್ಬನ ಜನ್ಮದಲ್ಲಿ ಒಮ್ಮೆ ಬರುವ ಭಾಗ್ಯ. ಇಂಗಲ್‌ಸೈಡಿನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಅಂಥ ಆಟ ನಡೆಯುತ್ತಿರುವಾಗ ಡಗ್‌ಔಟಿನಲ್ಲಿ ಯಾರೂ ಅದರ ಮಾತೆತ್ತಬಾರದು, ಪಿಚರ್ ಪಕ್ಕ ಕೂರಬಾರದು. ಮಾತೆತ್ತಿದರೆ ಕೆಡುತ್ತದಂತೆ. ಅಮೆರಿಕದವರಿಗೂ ದೃಷ್ಟಿಯ ಭಯ ಇದೆ ಎಂದು ನನಗೆ ಗೊತ್ತಾದದ್ದು ಅಂದೇ. ಇಪ್ಪತ್ತೈದು ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು.

ಎಂಟನೇ ಇನಿಂಗ್ಸ್ ಮುಗಿಯಿತು. ನನ್ನ ಯಂತ್ರದಲ್ಲಿ ನೂರಹನ್ನೆರಡು. ಕೋಚ್ ನನ್ನತ್ತ ತಿರುಗಿ, ಬಾಯಿ ತೆರೆಯದೆ, ಹುಬ್ಬೇರಿಸಿದರು. ನಾನು ಮೆಟ್ಟಿಲ ಮೇಲಿದ್ದ ಸುಮಿತ್ರಮ್ಮನನ್ನು ನೋಡಿದೆ. ಮೂಲೆಯಲ್ಲಿ ಟವೆಲ್ಲು ಹೊದ್ದು ಒಬ್ಬನೇ ಕೂತಿದ್ದ ಮಗನನ್ನು ನೋಡಿದೆ. ಯಂತ್ರವನ್ನು ಜೇಬಿಗೆ ಇಳಿಸಿದೆ. ಒಂಬತ್ತು ಬೆರಳು ಎತ್ತಿದೆ. ಆಮೇಲೆ ಎಂಟು ಬೆರಳು.

ತೊಂಬತ್ತೆಂಟು. ಕೋಚ್ ತಲೆಯಾಡಿಸಿ ಆಟದ ಕಡೆ ತಿರುಗಿದರು.

ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂದು ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಎಂಥ ಹೆಂಗಸು ನಾನು!

ಒಂಬತ್ತನೇ ಇನಿಂಗ್ಸಿಗೆ ಹನ್ನೆರಡು ಎಸೆತ ಬೇಕಾಯಿತು. ಎಂಟನೆಯ ಎಸೆತವಾದ ಮೇಲೆ ಅವನು ಕೈ ಕೊಡವಿದ. ನಾನು ನೋಡಿದೆ. ಆಗಲಾದರೂ ಕೋಚ್ ಎಂದು ಒಂದು ಸಲ ಕೂಗಬಹುದಿತ್ತು. ಕೂಗಲಿಲ್ಲ. ಕೊನೆಯ ಚೆಂಡು ಗಾಳಿಯಲ್ಲಿ ಎದ್ದು ನಮ್ಮ ತಂಡದ ಇನ್ನೊಬ್ಬ ಹುಡುಗನ ಕೈಗೆ ಕ್ಯಾಚ್ ಆಯಿತು, ತಂಡಕ್ಕೆ ತಂಡವೇ ಸುಪ್ರೀತನ ಮೇಲೆ ಬಿದ್ದಿತು. ಸುಮಿತ್ರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮಗ ಎಡಗೈ ಒಂದನ್ನೇ ಮೇಲೆತ್ತಿದ್ದ. ಮನೆಗೆ ಬಂದು ಹಾಳೆಯ ಮೇಲಿನ ಹದಿನಾಲ್ಕು ಗೀಟುಗಳನ್ನು ರಬ್ಬರಿನಿಂದ ಅಳಿಸಿದೆ. ಒಟ್ಟು ನೂರಹತ್ತು ಎಂದು ಬರೆದೆ.

2015. ಗೆಲುವು ಹತ್ತು. ಸುಪ್ರೀತ್ ಆಡಲಿಲ್ಲ. ಮೊಣಕೈಯ ಕಟ್ಟು ಹರಿದು ಆಪರೇಷನ್ ಆಗಿತ್ತು. ಊಟದ ತಟ್ಟೆಯ ಮುಂದೆ ಎಡಗೈಯಲ್ಲಿ ಚಮಚ ಹಿಡಿದು ಕೂತವನಿಗೆ ಅನ್ನ ಕಲಸಿಕೊಡಲು ಹೋದರೆ, "ಅಮ್ಮಾ, ಪ್ಲೀಸ್" ಎಂದು ತಟ್ಟೆ ಸರಿಸುತ್ತಿದ್ದ. ನಾನು ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

2016. ಗೆಲುವು ಹನ್ನೆರಡು. ಮಾರ್ಚಿಯಲ್ಲಿ ಅವನು ಮತ್ತೆ ಮೈದಾನಕ್ಕಿಳಿದ. ಏಳು ಎಸೆತ. ಏಳನೆಯದು ಕೈಯಿಂದ ಜಾರಿ ಅವನ ಕಾಲ ಬಳಿಯೇ ಬಿತ್ತು, ಬೆರಳಿಗೆ ಸ್ಪರ್ಶವೇ ಇಲ್ಲ ಎಂದ. ಅಲ್ಲಿಗೆ ಮುಗಿಯಿತು. ಆಟದ ನಂತರ ಪಾರ್ಕಿಂಗಿನಲ್ಲಿ ಕೋಚ್ ಕೈ ಚಾಚಿದರೆ ಮಗ ಕೈ ಕೊಡಲಿಲ್ಲ. "ಆವತ್ತು ನನ್ನ ಕೈ ಬೀಳ್ತಾ ಇದ್ದದ್ದು ನಿಮಗೆ ಕಾಣಿಸ್ತಿತ್ತು. ನಿಮ್ಮ ದಾಖಲೆಗೋಸ್ಕರ ನನ್ನನ್ನ ಅಲ್ಲೇ ಬಿಟ್ರಿ" ಎಂದು ಇಂಗ್ಲಿಷಿನಲ್ಲಿ ಕೂಗಾಡಿದ. ನಾನು ಕಾರಿನ ಬಾಗಿಲು ಹಿಡಿದು ಅಲ್ಲೇ ನಿಂತಿದ್ದೆ. ಕೋಚ್ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಅವನಿಗೆ, "ಹೌದು, ತಪ್ಪು ನನ್ನದು. ಲೆಕ್ಕ ನೋಡಿಕೊಳ್ಳುವುದು ಕೋಚ್ ಕೆಲಸ" ಎಂದರು. ಪಾಪ, ಒಳ್ಳೆಯ ಮನುಷ್ಯ, ಮಾತು ಬೆಳೆಸಲಿಲ್ಲ ಅಂದುಕೊಂಡೆ. ಜೀವ ಹಗುರವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಅಂದು ಹಗುರವಾದದ್ದು ನಿಜ.

2017. ಗೆಲುವು ಒಂಬತ್ತು. ಮಗನಿಲ್ಲದ ತಂಡಕ್ಕೆ ನಾನು ಸ್ಕೋರು ಬರೆಯುತ್ತಲೇ ಇದ್ದೆ. "ನಿಂಗೇನಮ್ಮ ಕೆಲಸ ಅಲ್ಲಿ?" ಎಂದು ದ್ವಾರಕಾನಾಥ ಕೇಳಿದರು. ಈ ಸೀಸನ್ ಮುಗಿಯಲಿ, ಕೋಚ್‌ಗೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಮುಗಿದ ಮೇಲೆ ಮುಂದಿನ ಸೀಸನ್ ಬರಲಿ ಅಂದುಕೊಂಡೆ.

2018. ಗೆಲುವು ಆರು. ಅದೇ ಕೊನೆ.

ಹೋದ ಭಾನುವಾರ ಎರಡನೇ ಪೆಟ್ಟಿಗೆಯಲ್ಲಿ 2014ರ ಫೈಲು ಸಿಕ್ಕಿತು. ಏಪ್ರಿಲ್ಲಿನ ನನ್ನ ಹಾಳೆ ಇತ್ತು. ಅದರ ಹಿಂದೆ ಇನ್ನೊಂದು ಹಾಳೆಯನ್ನು ಪಿನ್ನು ಹೊಡೆದು ಸೇರಿಸಿದ್ದರು. ನನ್ನ ಅಕ್ಷರವಲ್ಲ. ಎದುರು ತಂಡದ ಎಣಿಕೆ. ಅವರ ಕಡೆಯವರೂ ಎಣಿಸುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಅಷ್ಟು ವರ್ಷ ಅದನ್ನು ನೆನೆಯುವ ಧೈರ್ಯ ಮಾಡಿರಲಿಲ್ಲ, ಅಷ್ಟೇ. ಒಟ್ಟು ನೂರ ಇಪ್ಪತ್ತನಾಲ್ಕು. ಜೊತೆಗೆ ಅವರ ಕೋಚ್ ಬರೆದ ಎರಡು ಸಾಲು: ನಿಮ್ಮ ಹುಡುಗನಿಗೆ ಅಭಿನಂದನೆ, ಆದರೆ ನಮ್ಮ ಎಣಿಕೆ ನಿಮ್ಮದಕ್ಕೆ ಹೊಂದುತ್ತಿಲ್ಲ, ಅವನ ಕೈ ನೋಡಿಕೊಳ್ಳಿ. ಆಟ ನಡೆದ ಮೂರನೇ ದಿನದ ತಾರೀಖು.

ಅಂದರೆ ಪಾರ್ಕಿಂಗಿನಲ್ಲಿ ನಿಂತಾಗ ಕೋಚ್‌ಗೆ ಎಲ್ಲ ಗೊತ್ತಿತ್ತು. ಒಬ್ಬ ಹುಡುಗನ ಕಣ್ಣಿನಲ್ಲಿ ಅವನ ತಾಯಿ ಸಣ್ಣವಳಾಗದಿರಲಿ ಎಂದು ತಾವೇ ಹೊತ್ತುಕೊಂಡರು. ಆಮೇಲೂ ಎರಡು ಸೀಸನ್ ನನ್ನ ಪಕ್ಕವೇ ಕೂತು, ನನ್ನ ಕಾಫಿ ಕುಡಿದು, ಎಷ್ಟೆಂದು ನನ್ನನ್ನೇ ಕೇಳಿದರು.

ಮಗ ಈಗ ಕರ್ಕ್‌ಲ್ಯಾಂಡಿನಲ್ಲಿ ಒಂದು ಕಂಪನಿಯಲ್ಲಿದ್ದಾನೆ, ಒಬ್ಬನೇ ಇರುತ್ತಾನೆ. ಎರಡು ಹಾಳೆಯನ್ನೂ ತೆಗೆದುಕೊಂಡು ಡ್ರೈವ್ ಮಾಡಿಕೊಂಡು ಹೋದೆ. ಅವನ ಅಡುಗೆಮನೆಯ ಮೇಜಿನ ಮೇಲೆ ಅವನ್ನಿಟ್ಟು ಹೇಳಿದೆ. "ಸುಳ್ಳು ಹೇಳಿದ್ದು ನಾನು ಕಣೋ. ಕೋಚ್ ಅಲ್ಲ. ಸುಮಿತ್ರಮ್ಮನ ಮುಂದೆ ನೀನು ಗೆಲ್ಬೇಕು ಅಂತ ಆಸೆ ಆಯ್ತು."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿ ಎಂದು ಬೇಡಿಕೊಂಡೂ ಇದ್ದೆ. ಅವನು ಆ ಎರಡನೇ ಹಾಳೆಯ ತಾರೀಖನ್ನೇ ನೋಡುತ್ತಿದ್ದ.

"ಹಿ ನ್ಯೂ?" ಎಂದ.

"ಗೊತ್ತಿತ್ತು."

"ಆವತ್ತು ಪಾರ್ಕಿಂಗ್ ಲಾಟಲ್ಲಿ?"

"ಹೂಂ. ಆವತ್ತೂ ಗೊತ್ತಿತ್ತು."

ಅವನು ಇಂಗ್ಲಿಷಿನಲ್ಲಿ, ಬಿಡಿಬಿಡಿಯಾಗಿ ಹೇಳಿದ. ಕೋಚ್ ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಿದ್ದರಂತೆ. ಅವನು ಎತ್ತುತ್ತಿರಲಿಲ್ಲ. ಹೋದ ನವೆಂಬರಿನಲ್ಲಿ, ಹುಟ್ಟುಹಬ್ಬವಲ್ಲದ ದಿನ, ಇನ್ನೊಂದು ಸಲ ಮಾಡಿ ಉದ್ದವಾದ ಸಂದೇಶ ಬಿಟ್ಟಿದ್ದರಂತೆ. ನಾಲ್ಕು ನಿಮಿಷದ್ದು. ಕೇಳದೆ ಅಳಿಸಿಬಿಟ್ಟನಂತೆ. ಡಿಸೆಂಬರಿನಲ್ಲಿ ಸುದ್ದಿ ತಿಳಿದಾಗಲೂ ಮಣ್ಣಿಗೆ ಹೋಗಲಿಲ್ಲ, ಹೋಗಿದ್ದು ನಾನು ಮತ್ತು ದ್ವಾರಕಾನಾಥ.

"ಎರಡು ವರ್ಷ ನೀನು ಅವರ ಪಕ್ಕದಲ್ಲೇ ಕೂತಿದ್ದೆ, ಅಮ್ಮಾ" ಎಂದ. ಅಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಿದ.

ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಕೈ ಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಅವನು ಅಳುತ್ತಿದ್ದದ್ದು ಕೋಚ್‌ಗಾಗಿ. ಎದುರಿಗೇ ಕೂತಿದ್ದೆ, ಕೈಗೆಟುಕುವಷ್ಟು ಹತ್ತಿರ. ಅವನ ಬೆನ್ನ ಮೇಲೆ ಕೈಯಿಡಲು ನನಗೆ ಧೈರ್ಯ ಬರಲಿಲ್ಲ.