ತೊರಕೆ, ಮಿಡತೆ ಮತ್ತು ಬದುವಿನ ಹುಲ್ಲು

ಕಾಗಿನೆಲೆಯ ಫಕ್ಕೀರಪ್ಪನ ಹೊಲದಲ್ಲಿ ಮೆಣಸಿನ ಸಸಿ ಆಗಷ್ಟೇ ಬೇರು ಹಿಡಿದಿತ್ತು. ಬದುವಿಗೆ ಕಾಲಿಟ್ಟರೆ ಸಾಕು, ಹುಲ್ಲಿನೊಳಗಿಂದ ಮಿಡತೆಗಳು ಚಟಚಟನೆ ಚಿಮ್ಮುತ್ತಿದ್ದವು. ಅವನ್ನು ಕಂಡರೆ ಫಕ್ಕೀರಪ್ಪನಿಗೆ ಮೈಯೆಲ್ಲ ಉರಿ.

“ನಿನ್ನಿ ಗಿಡಕ್ಕ ಹೊಡದು ಉಳಿದ ಎಣ್ಣಿ ಪಂಪಿನ್ಯಾಗ ಐತಿ. ಚೆಲ್ಲೂದ್ಯಾಕ? ಬದುವಿಗೆ ಹೊಡದ ಬರ್ತೀನಿ,” ಎಂದು ಅವನು ಹುಳದ ಔಷಧಿಯ ಪಂಪನ್ನು ಬೆನ್ನಿಗೇರಿಸಿದ.

ಹೆಂಡತಿ ಸಿದ್ದವ್ವ ಅಡ್ಡ ಬಂದಳು. ಮನೆಯ ಎಮ್ಮೆಗೆ ದಿನ ತುಂಬಿತ್ತು. ಇಂದೋ ನಾಳೆಯೋ ಈಯಬೇಕು. “ಅಯ್ಯ, ಆ ಹುಲ್ಲ ನಮ್ಮ ಎಮ್ಮಿ ತಿನ್ನೂದರೀ!”

“ಎರಡ ದಿನ ಬ್ಯಾರೆ ಕಡೆ ಕೊಯ್ಯಿ. ಹುಳದ ಮ್ಯಾಲೂ ಕರುಣಿ ಏನ ನಿಂದು?”

ಮನೆಯ ಕಟ್ಟೆಯ ಮೇಲೆ, ಮಹಿಳಾ ಸಂಘದಿಂದ ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ಪುಷ್ಪಲತಾಳ ಜೊತೆ ಕುಳಿತಿದ್ದ ಒಣಮೀನು ಮಾರುವ ನಸ್ರೀನ್ ನಕ್ಕಳು. “ಕಾಕಾ, ಸಿಟ್ಟು ಮಿಡಚಿ ಮ್ಯಾಲೋ, ನಾ ತೊರಕಿ ತಂದಿಲ್ಲಂತೋ?”

ತೊರಕೆಯೆಂದರೆ ಕಡಲಿನ ಚಪ್ಪಟೆ ಮೀನು. ಅಗಲ ರೆಕ್ಕೆ, ಚಾಟಿಯಂಥ ಬಾಲ. ಫಕ್ಕೀರಪ್ಪನಿಗೆ ಬಲು ಪ್ರೀತಿ.

“ಎರಡ ವರ್ಷಾತು ಕೇಳಾಕತ್ತು. ಕಡಲ ಬತ್ತೈತೇನು?”

“ಕಡಲ ಐತ್ರಿ, ತೊರಕಿ ಇಲ್ಲ. ಮರಿಗೋಳನ್ನೂ ಬಿಡದ ಬಲಿಯಾಗ ಬಾಚಿದ್ರು. ಅದು ಹಾಕೂದ ನಾಕಾರು ಮರಿ. ದೊಡ್ಡದಾಗಾಕ ವರ್ಷಗಟ್ಟಲೆ ಬೇಕು.”

“ಮಿಡಚಿಗೂ ಹಂಗ ಅಂತೀಯೇನು? ಒಂದ ಸತ್ತರ ನೂರ ಹುಟ್ಟತಾವ!”

“ಅದ ನೋಡ್ರಿ ಫರಕು,” ಎಂದಳು ಪುಷ್ಪಲತಾ. “ತೊರಕಿ ಬೆನ್ನೆಲುಬಿನ ಪ್ರಾಣಿ, ಶಾರ್ಕಿನ ಬಳಗ. ಎಲುಬು ಮಾತ್ರ ನಮ್ಮ ಕಿವಿಯಂಗ ಮೆತ್ತಗ. ಮಿಡಚಿ ಆರು ಕಾಲಿನ ಕೀಟ. ಬೆನ್ನೆಲುಬ ಇಲ್ಲ, ಮೈಮ್ಯಾಲಿನ ಕವಚನ ಆಸರ. ಅದು ಉಪ್ಪುನೀರಾಗ, ಇದು ಹುಲ್ಲಾಗ. ತೊರಕಿ ಉಳೀಬೇಕಂದ್ರ ಹಿಡಿಯೂದು ಕಡಿಮಿ ಆಗಬೇಕು. ಮಿಡಚಿ ಉಳೀಬೇಕಂದ್ರ ಹುಲ್ಲಿಗೆ ವಿಷ ಬೀಳಬಾರದು.”

“ಅದ್ಯಾಕ ಉಳೀಬೇಕು? ನನ್ನ ಮೆಣಸಿನಕಾಯಿ ತೂಗಾಕೇನು?”

“ಹಕ್ಕಿ ಏನ ತಿನಬೇಕ್ರಿ? ಎಲ್ಲಾ ಮಿಡಚಿ ಸಸಿ ಕಡಿಯೂದಿಲ್ಲ, ಭಾಳಷ್ಟು ಹುಲ್ಲ ತಿಂದ್ಕೊಂಡ ಇರತಾವ. ಕಾಟ ಹೆಚ್ಚಾದ್ರ ಸಸಿಗೆ ಬೇವಿನ ಬೀಜದ ಕಷಾಯ ಹೊಡೀರಿ. ಬ್ಯಾಸಗ್ಯಾಗ ಬದು ಕೆದರಿದ್ರ ಮೊಟ್ಟಿ ಹಕ್ಕಿ ಪಾಲಾಗತಾವ.”

“ತಡಾ ಆತ ಬಿಡ್ರಿ ಅಕ್ಕಾರ. ಮೂಡಲ ಬದುವಿಗೆ ನಿನ್ನಿ ಸಂಜಿನ ಹೊಡದೇನಿ. ಇನ್ನ ಉಳಿದ ಬದುವಷ್ಟ.”

ಸಿದ್ದವ್ವ ಕೊಟ್ಟಿಗೆಯತ್ತ ತಿರುಗಿದಳು. ಬೆಳಗ್ಗೆ ಅವಳು ಹುಲ್ಲು ಕೊಯ್ದು ತಂದದ್ದು ಆ ಬದುವಿನಿಂದಲೇ. ಮಗಳು ಶ್ವೇತಾ ಈಗಷ್ಟೇ ಆ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿದ್ದಳು.

“ಶ್ವೇತಾ! ಹಾಕಬ್ಯಾಡ ಅದನ್ನ!”

ಕೂಗುತ್ತ ಸಿದ್ದವ್ವ ಓಡಿದಳು. ಎಮ್ಮೆಯ ಬಾಯಲ್ಲಿ ಆಗಲೇ ಹುಲ್ಲು. ದವಡೆಗೆ ಕೈಹಾಕಿ ಎಳೆದಳು. ಅರ್ಧ ಹೊರಬಂತು, ಅರ್ಧ ಒಳಗಿಳಿಯಿತು.

ಪುಷ್ಪಲತಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದಳು. ಬಂದ ಡಾಕ್ಟರು ಔಷಧಿಯ ಡಬ್ಬಿ ನೋಡಿ ಮದ್ದು ಕೊಟ್ಟು, “ಸಂಜೀತನಕ ಮೆಲುಕು ಹಾಕ್ತೈತೇನ ನೋಡ್ರಿ, ಹಾಕಿದ್ರ ಗಂಡಾಂತರ ಕಳೀತು” ಎಂದರು.

ಫಕ್ಕೀರಪ್ಪ ಪಂಪನ್ನು ಮೂಲೆಗೆ ತಳ್ಳಿ ಎಮ್ಮೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅದು ಜೊಲ್ಲು ಸುರಿಸುತ್ತ ನಿಂತಿತ್ತು. ಸಿದ್ದವ್ವ ಅದರ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಜೀವ ಮಿಸುಕುವುದನ್ನೇ ಕಾದಳು. ತುಟಿಯಲ್ಲಿ ದೇವರ ಹೆಸರು. ದೀಪ ಹಚ್ಚುವ ಹೊತ್ತಿಗೆ ಎಮ್ಮೆಯ ದವಡೆ ಮೆಲ್ಲಗೆ ಅಲುಗಿತು. ಮತ್ತೊಮ್ಮೆ ಅಲುಗಿತು.

“ಮೆಲಕ ಹಾಕ್ತು ನೋಡ,” ಎಂದು ಫಕ್ಕೀರಪ್ಪ ಎಮ್ಮೆಯ ಕೊರಳು ಸವರಿದ. “ಇನ್ನ ಬದುವಿಗೆ ಒಂದ ಹನಿ ಬೀಳಂಗಿಲ್ಲ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಔಷಧಿಯನ್ನು ಬೇಕಾದಷ್ಟೇ ಕಲಸಿ. ಬದುವಿಗೂ ಹಳ್ಳಕ್ಕೂ ಅದು ಬೀಳದಿರಲಿ. ಎಲ್ಲಿ ಹೊಡೆದಿರೆಂದು ಮನೆಮಂದಿಗೆಲ್ಲ ಹೇಳಿ. ಮೀನು ಕೊಳ್ಳುವಾಗ ತೊರಕೆಯ ಮರಿ ಕೇಳಬೇಡಿ. ನಾವು ಕೊಳ್ಳದಿದ್ದರೆ ಕಡಲಿನಲ್ಲಿ ಅದು ಬೆಳೆದೀತು. ಈಗಲೇ ಎದ್ದುಹೋಗಿ, ನಿಮ್ಮ ಪಂಪಿನಲ್ಲಿ ಏನು ಉಳಿದಿದೆ ನೋಡಿ.