ಒಣಗಬೇಕಾದ ಪಾತಿ

ಮಾವನವರು ದುಡಿಮೆಯ ಕಾಲವೆಲ್ಲ ಅಗ್ನಿಶಾಮಕ ದಳದಲ್ಲಿ ಕಳೆದವರು. ಬಾಡಿದ ಎಲೆ ಕಂಡರೂ ಸಾಕು, ಅವರ ಕೈ ತನ್ನಷ್ಟಕ್ಕೆ ತಾನೇ ಪೈಪು ಹುಡುಕುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಸುಡುವುದನ್ನೇ ಆರಿಸುವ ಗುಣ, ಹೋಗುವುದಾದರೂ ಹೇಗೆ? ಮಗನಿಗೆ ಹಡಗಿನಲ್ಲಿ ಕೆಲಸ, ವರ್ಷದ ಮುಕ್ಕಾಲು ಪಾಲು ಸಮುದ್ರದ ಮೇಲೆ. ಹಾಗಾಗಿ ಸಂಶೋಧನಾ ಕೇಂದ್ರದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮಾವ, ಸೊಸೆ ಇಬ್ಬರೇ.

ಸೊಸೆಯದು ಆಕಾಶದಿಂದ ನೆಲ ನೋಡುವ ವಿದ್ಯೆ. ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಹತ್ತಿರದಲ್ಲಿ ಅವಳ ಎರಡು ಸೂರ್ಯಕಾಂತಿ ಪಾತಿಗಳಿದ್ದವು. ಒಂದಕ್ಕೆ ದಿನಾ ನೀರು, ಇನ್ನೊಂದಕ್ಕೆ ತೊಟ್ಟೂ ಇಲ್ಲ. ನೀರು ಕುಡಿದ ಎಲೆ ತಂಪಾಗಿರುತ್ತದೆ, ಬಾಯಾರಿದ ಎಲೆ ಬಿಸಿಯಾಗುತ್ತದೆ. ನಡುವಿನ ಕಂಬದ ಮೇಲಿದ್ದ ಕ್ಯಾಮೆರಾ ಆ ಬಿಸಿಯನ್ನು ಕೆಂಪಗೆ, ತಂಪನ್ನು ನೀಲಿಯಾಗಿ ತೋರಿಸುತ್ತಿತ್ತು. ಉಪಕರಣ ಹೊತ್ತ ಪುಟ್ಟ ವಿಮಾನ ಹಾರಿ ಬರುವ ದಿನ ಮೇಲಿನಿಂದಲೂ ಒಂದು ಪಾತಿ ನೀಲಿ, ಒಂದು ಪಾತಿ ಕೆಂಪು ಕಾಣಬೇಕು. ಕಾಣದಿದ್ದರೆ ಅವಳ ಕೆಲಸವೂ ಹೋಯಿತು, ಕಂಬವೂ ಬೇರೆಯವರ ಪಾಲು.

ಇದನ್ನೆಲ್ಲ ಅವಳು ಮಾವನಿಗೆ ಹೇಳಲೇ ಇಲ್ಲ. ಓದಿದವರ ಕಷ್ಟವೇ ಇದು, ತಮಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಿದೆ ಅಂದುಕೊಳ್ಳುತ್ತಾರೆ. ಮೊದಲ ದಿನ ಇಷ್ಟೇ ಹೇಳಿದ್ದಳು: "ಇದು ದೂರದಿಂದ ನೋಡೋ ಕೆಲಸ ಮಾವ. ಹಗ್ಗದೊಳಗೆ ಯಾರೂ ಕಾಲಿಡಬಾರದು, ಗಿಡ ಮುಟ್ಟಬಾರದು."

ಮಾವ ಕಿಟಕಿಯಿಂದ ನೋಡಿದರು. ಮಾಲಿ ಒಂದೇ ಪಾತಿಗೆ ನೀರು ಬಿಟ್ಟು ಮನೆಗೆ ಹೋಗುತ್ತಿದ್ದ. ಎಂಥ ಮೈಗಳ್ಳ ಅಂದುಕೊಂಡರು. ಚಾಡಿ ಹೇಳಿ ಅವನ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸಾಗಲಿಲ್ಲ. ಸೊಸೆಯ ಹೆಸರು ಕೆಡುವುದನ್ನು ನೋಡುತ್ತ ಕೂರಲೂ ಆಗಲಿಲ್ಲ. ಮರುದಿನ ನಸುಕಿನಲ್ಲಿ ಎದ್ದು, ಹಗ್ಗದ ಆಚೆಯೇ ನಿಂತು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಮೂರನೇ ಮಹಡಿಯ ಕಿಟಕಿಗೆ ಗುರಿಯಿಡುತ್ತಿದ್ದ ಕೈಯಿಂದ ಪಾತಿಯ ಮೂಲೆ ಮೂಲೆಗೂ ನೀರು ಹಾರಿಸಿದರು. ಒಂದು ಎಲೆಯನ್ನೂ ಮುಟ್ಟಲಿಲ್ಲ. ಆಮೇಲೆ ಅದೇ ದಿನಚರಿಯಾಯಿತು.

ಅತ್ತ ಸೊಸೆ ತಲೆ ಕೆರೆದುಕೊಳ್ಳುತ್ತಿದ್ದಳು. ಒಣಗಬೇಕಾದ ಪಾತಿ ಒಣಗುತ್ತಿಲ್ಲ, ಹಗ್ಗದೊಳಗೆ ಒಂದು ಹೆಜ್ಜೆಗುರುತೂ ಇಲ್ಲ. ಸಹಾಯಕಿ ಇಬ್ಬನಿ ಇರಬಹುದೆಂದಳು. ಮುಖ್ಯಸ್ಥರು ಕ್ಯಾಮೆರಾ ಕೆಟ್ಟಿದೆ ಎಂದರು. ಅದನ್ನು ಬಿಚ್ಚಿ ಜೋಡಿಸಿದ್ದಾಯಿತು. ಕೊನೆಗೆ ನೆಲದಡಿಯ ಪೈಪು ಸೋರುತ್ತಿರಬೇಕೆಂದು ಕೊಳಾಯಿಯವನನ್ನು ಕರೆಸಿ ಪಕ್ಕದಲ್ಲಿ ಅಗೆಸಿದಳು. ಅಗೆಯುವುದನ್ನು ಕಿಟಕಿಯಿಂದ ಕಂಡ ಮಾವನಿಗೆ ಬಹಳ ಸಮಾಧಾನವಾಯಿತು. ಅಂತೂ ಆ ಪಾತಿಗೂ ಒಂದು ನಲ್ಲಿ ಹಾಕಿಸುವ ಬುದ್ಧಿ ಬಂತಲ್ಲ ಅಂದುಕೊಂಡರು.

ಆದರೆ ನಲ್ಲಿ ಬರಲಿಲ್ಲ. ಒಂದು ಸಂಜೆ ಸೊಸೆ ಗಂಡನೊಡನೆ ಫೋನಿನಲ್ಲಿ, ಆ ಪಾತಿಯಿಂದ ತನ್ನ ಮಾನ ಹೋಗುತ್ತದೆ ಎನ್ನುತ್ತ ಅಳುವುದು ಮಾವನ ಕಿವಿಗೆ ಬಿತ್ತು. ಮರುದಿನದಿಂದ ಎರಡರಷ್ಟು ನೀರು ಹಾರಿಸಿದರು.

ವಿಮಾನ ಹಾರಿ ಎರಡೂ ಪಾತಿ ನೀಲಿಯಾಗಿಯೇ ಕಂಡ ಮೇಲೆ, ಅದರ ತಂಡದವರು ಕಾರಣ ಕೇಳಲು ಬಂದ ದಿನ ಸೊಸೆ ಕನ್ನಡಕ ಮರೆತು ಹೋಗಿದ್ದಳು. ಅದನ್ನು ಕೊಡಲು ಮಾವ ಮುಖ್ಯಸ್ಥರ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಗೋಡೆಯ ಪರದೆಯ ಮೇಲೆ ಚಿತ್ರಗಳು ಓಡುತ್ತಿದ್ದವು. ಕ್ಯಾಮೆರಾ ಹಗಲಿರುಳೆನ್ನದೆ ಚಿತ್ರ ತೆಗೆಯುತ್ತಿದ್ದರೂ, ಗಿಡದ ದಾಹ ತಿಳಿಯುವುದು ಬಿಸಿಲಿನಲ್ಲೇ ಎಂದು ಸೊಸೆ ಮಧ್ಯಾಹ್ನದವನ್ನಷ್ಟೇ ನೋಡುತ್ತಿದ್ದಳು. ಬಂದವರಲ್ಲೊಬ್ಬಾಕೆ, ಬೆಳಗಿನ ಜಾವದ್ದನ್ನೂ ತೋರಿಸಿ ಎಂದರು.

ಪರದೆಯೆಲ್ಲ ನೀಲಿಯಾಯಿತು. ಹಗ್ಗದ ಆಚೆ ಕೆಂಪಗೆ ಒಬ್ಬ ಮನುಷ್ಯ ನಿಂತಿದ್ದ. ಮೈಗಿಂತ ತಲೆ ಹೆಚ್ಚು ಕೆಂಪು, ಒಂದು ಕೂದಲೂ ಇಲ್ಲದೆ ಗುಂಡಗೆ. ಅವನ ಕೈಯಿಂದ ಕಡುನೀಲಿಯ ಧಾರೆ ಬಿಲ್ಲಿನ ಹಾಗೆ ಬಾಗಿ ಪಾತಿಗೆ ಬೀಳುತ್ತಿತ್ತು. ಸೊಸೆ ಮರುದಿನದ್ದು ತೆಗೆದಳು. ಅದೇ ಗುಂಡು. ಅದರ ಮರುದಿನದ್ದು ತೆಗೆದರೆ ಅಲ್ಲೂ ಅದೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ತಮ್ಮ ಬೋಳುತಲೆ ಮುಟ್ಟಿ ನೋಡಿಕೊಂಡರು. ಕೋಣೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಒಂದು ಗಿಡಾನೂ ಮುಟ್ಟಿಲ್ಲ," ಎಂದರು ಮಾವ. "ದೂರದಿಂದಲೇ ಹಾಕಿದ್ದು."

ಬಂದವರು ನಕ್ಕರು. ಸೊಸೆ ನಗಲಿಲ್ಲ. ಮನೆಗೆ ಬಂದು ಊಟಕ್ಕೆ ಬಡಿಸಿದಳು. ಅವಳ ಮನೆಯಲ್ಲಿ ದಂಡಪಿಂಡವಾಗಿ ಕೂರಬಾರದೆಂದೇ ಮಾವ ಇಷ್ಟೆಲ್ಲ ಮಾಡಿದ್ದು. ಈಗ ನೋಡಿದರೆ ದಂಡಪಿಂಡವಾಗಿದ್ದರೇ ಚೆನ್ನಾಗಿತ್ತು.

"ಒಂದು ಮಾತು ಕೇಳಬಹುದಿತ್ತಲ್ಲ ಮಾವ," ಎಂದಳು ಕೊನೆಗೆ.

"ನೀನೂ ಒಂದು ಮಾತು ಹೇಳಬಹುದಿತ್ತಲ್ಲಮ್ಮ."

ಇಬ್ಬರ ಮಾತೂ ನಿಜವಾಗಿದ್ದರಿಂದ ಜಗಳ ಅಲ್ಲಿಗೇ ನಿಂತಿತು. ಅವಳು ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು.

ವಿಮಾನದವರು ಇನ್ನೊಮ್ಮೆ ಹಾರಲು ಒಪ್ಪಿದರು, ಅದೇ ಕೊನೆಯ ಅವಕಾಶ. ಆ ಪಾತಿಗೆ ಹೊಸದಾಗಿ ಬಿತ್ತಿದರು, ಗಿಡ ಎದ್ದ ಮೇಲೆ ನೀರು ನಿಲ್ಲಿಸಿದರು. ಅದನ್ನು ಕಾಯುವ ಕೆಲಸವನ್ನು ಸೊಸೆ ಮಾವನಿಗೇ ವಹಿಸಿದಳು. ಉರಿಯುವ ಮನೆಗೆ ನುಗ್ಗಿದ ಮನುಷ್ಯನಿಗೆ ಬಾಡುವ ಗಿಡದ ಮುಂದೆ ಕೈಕಟ್ಟಿ ಕೂರುವುದು ಕಷ್ಟವಾಯಿತು. ತಾವು ಕುಡಿಯುವ ನೀರಿನ ಲೋಟವನ್ನೂ ಗಿಡಗಳಿಗೆ ಬೆನ್ನು ಮಾಡಿ ಎತ್ತುತ್ತಿದ್ದರು. ಕುರ್ಚಿಯನ್ನು ಎರಡು ಸಲ ಗೋಡೆಯ ಕಡೆ ತಿರುಗಿಸಿಕೊಂಡರು. ಪೈಪು ಮಾತ್ರ ಮುಟ್ಟಲಿಲ್ಲ.

ವಿಮಾನ ಹಾರಿದ ಸಂಜೆ ಸೊಸೆ ಓಡಿಬಂದು ಚಿತ್ರ ತೋರಿಸಿದಳು. ಒಂದು ಪಾತಿ ತಣ್ಣನೆಯ ನೀಲಿ. ಇನ್ನೊಂದು ಮೂಲೆಯಿಂದ ಮೂಲೆಗೆ ಹತ್ತಿ ಉರಿಯುವ ಹಾಗೆ ಕೆಂಪು. ಮಾವ ಆ ಕೆಂಪಿನ ಮೇಲೆ ಬೆರಳಿಟ್ಟರು.

"ಕಣ್ಣೆದುರಿಗೇ ಇಷ್ಟು ಉರೀತಾ ಇತ್ತು, ನಾನು ಸುಮ್ನೆ ಕೂತಿದ್ದೆ," ಎಂದರು.

"ಹೌದು ಮಾವ. ನೀವು ಕೂತಿದ್ದಕ್ಕೇ ನನ್ನ ಕೆಲಸ ಉಳೀತು." ಸೊಸೆಯ ಕಣ್ಣು ತುಂಬಿತ್ತು. "ಎಲ್ಲ ಮುಗೀತು. ಇನ್ನು ಬೇಕಾದರೆ..."

ಅವಳ ಮಾತು ಮುಗಿಯುವಷ್ಟರಲ್ಲಿ ಮಾವ ಬರಿಗಾಲಲ್ಲಿ ಹಗ್ಗದ ಹತ್ತಿರ ನಿಂತಿದ್ದರು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು. ಸೊಸೆ ಹೋಗಿ ನಲ್ಲಿ ತಿರುಗಿಸಿದಳು.